ಎಚ್‌ಐವಿ ಮಾತ್ರೆ ಮತ್ತು ಹೊಟ್ಟೆಯೊಳಗಿನ ಮಗುವಿನ ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಮಂಗಳೂರಿನಲ್ಲಿ ತುಂಬಾ ವರ್ಷ ಕೌನ್ಸೆಲರ್ ಆಗಿದ್ದೆ, ಈಗ ಉಡುಪಿಯಲ್ಲಿದ್ದೇನೆ. ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಾ ಗರ್ಭಿಣಿಯಾದ ಹೆಂಗಸರು ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ ಪ್ರಶ್ನೆಗಳು ಇವು. ಮದ್ದು ಬದಲಿಸುವ ವಿಷಯ ಏನೇ ಇದ್ದರೂ ನಿಮ್ಮ ಎಆರ್‌ಟಿ ಕೇಂದ್ರದ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ) ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.

ಈ ಮಾತ್ರೆ ತಿಂದರೆ ಮಗುವಿನ ಹೃದಯಕ್ಕೆ ತೊಂದರೆ ಆಗ್ತದಾ?

ಈಗ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಹೆಚ್ಚಿನವರಿಗೆ ಸಿಗುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೆ ಒಂದು. ಇದರಿಂದ ಮಗುವಿನ ಹೃದಯದ ರಚನೆ ಕೆಡುತ್ತದೆ ಅಂತ ಇಷ್ಟು ವರ್ಷದ ಲೆಕ್ಕದಲ್ಲಿ ಕಂಡುಬಂದಿಲ್ಲ. ಯಾವ ಮದ್ದೂ ತಿನ್ನದ, ಯಾವ ಕಾಯಿಲೆಯೂ ಇಲ್ಲದ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲೂ 1000ಕ್ಕೆ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಹುಟ್ಟು ದೋಷ ಇರುತ್ತದೆ. ಈ ಲೆಕ್ಕ ಮೊದಲು ತಲೆಯಲ್ಲಿರಲಿ. ಇಲ್ಲದಿದ್ದರೆ ಏನೇ ಆದರೂ ಮಾತ್ರೆಯ ತಲೆಗೇ ಕಟ್ಟುತ್ತೇವೆ.

ಹಾಗಾದರೆ ಹೆದರಿಕೆಗೆ ಮೂರು ತಿಂಗಳು ಮಾತ್ರೆ ನಿಲ್ಲಿಸಿ, ಆಮೇಲೆ ಶುರು ಮಾಡಿದರೆ?

ಬೇಡ. ಬೇಡವೇ ಬೇಡ.

ಮಾತ್ರೆ ಬಿಟ್ಟರೆ ಕೆಲವೇ ವಾರದಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಏರುತ್ತದೆ. ಚಿಕಿತ್ಸೆ ಏನೂ ಇಲ್ಲದೆ ಹೋದರೆ ಗರ್ಭ, ಹೆರಿಗೆ, ಎದೆಹಾಲು ಎಲ್ಲ ಸೇರಿ 100ರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಗರ್ಭ ನಿಲ್ಲುವ ಮೊದಲಿನಿಂದ ಮಾತ್ರೆ ತಿಂದು, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಹಿಡಿತದಲ್ಲಿದ್ದವರಲ್ಲಿ ಹೆರಿಗೆ ಹೊತ್ತಿಗೆ ಅದು 100ಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಹೃದಯದ ಚಿಂತೆ ಮಾಡುವವರು ಇನ್ನೊಂದನ್ನೂ ತಿಳಿಯಬೇಕು: ಎಚ್‌ಐವಿ ಸೋಂಕು ತಗುಲಿದ ಮಗುವಿನ ಹೃದಯದ ಸ್ನಾಯುವನ್ನು ಆ ವೈರಸ್ಸೇ ದುರ್ಬಲ ಮಾಡಬಹುದು. ಅಂದರೆ ಹೃದಯ ಉಳಿಸಲಿಕ್ಕೆ ಅಂತ ಮಾತ್ರೆ ಬಿಟ್ಟು, ಹೃದಯಕ್ಕೆ ನಿಜವಾಗಿ ಪೆಟ್ಟು ಕೊಡುವುದನ್ನೇ ಒಳಗೆ ಕರೆದ ಹಾಗಾಯಿತು.

ಇನ್ನು, ಹೃದಯ ತಯಾರಾಗುವುದು ತುಂಬಾ ಬೇಗ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ 6 ವಾರದ ಹೊತ್ತಿಗೆ ಬಡಿತ ಶುರುವಾಗಿರುತ್ತದೆ, 10 ವಾರದೊಳಗೆ ಕೋಣೆಗಳು, ಗೋಡೆಗಳು ಬಹುತೇಕ ಮುಗಿದಿರುತ್ತವೆ. ಮುಟ್ಟು ನಿಂತಿದೆ ಅಂತ ಸಂಶಯ ಬಂದು, ಮೆಡಿಕಲ್‌ನಿಂದ ಕಿಟ್ ತಂದು, ಎರಡು ಗೆರೆ ನೋಡಿ, ಗಂಡನಿಗೆ ಹೇಳಿ, ಅತ್ತೆಗೆ ಹೇಳಬೇಕಾ ಬೇಡವಾ ಅಂತ ಯೋಚಿಸುವಷ್ಟರಲ್ಲೇ ಅರ್ಧ ಕೆಲಸ ಆಗಿರುತ್ತದೆ. ಆಮೇಲೆ ಮಾತ್ರೆ ನಿಲ್ಲಿಸಿದರೆ ಲಾಭ ಎಂತದ್ದೂ ಇಲ್ಲ, ನಷ್ಟ ಮಾತ್ರ.

ಡೊಲುಟೆಗ್ರಾವಿರ್‌ನಿಂದ ಮಕ್ಕಳಿಗೆ ಅಂಗದೋಷ ಅಂತ ಎಲ್ಲೋ ಓದಿದೆ?

ಓದಿದ್ದು ಸುಳ್ಳಲ್ಲ, ಹಳೆಯದು. 2018ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಿಂದ ಒಂದು ಎಚ್ಚರಿಕೆ ಬಂತು. ಗರ್ಭ ನಿಲ್ಲುವಾಗಲೇ ಈ ಮದ್ದು ತಿನ್ನುತ್ತಿದ್ದ 426 ತಾಯಂದಿರ ಮಕ್ಕಳಲ್ಲಿ 4 ಮಕ್ಕಳಿಗೆ ಬೆನ್ನುಹುರಿ, ಮಿದುಳಿನ ದೋಷ ಇತ್ತು. ಗಮನಿಸಿ, ಹೃದಯದ್ದಲ್ಲ. ಆಮೇಲೆ ಸಾವಿರಾರು ಹೆರಿಗೆಗಳ ಲೆಕ್ಕ ಸೇರುತ್ತಾ ಹೋದ ಹಾಗೆ ಆ ಅಂಕಿ ಇಳಿಯುತ್ತಾ ಬಂತು, ಕೊನೆಗೆ ಬೇರೆ ಮದ್ದು ತಿಂದವರಷ್ಟೇ ಆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೂ ಇದನ್ನೇ ಮೊದಲ ಆಯ್ಕೆ ಅಂತ ಹೇಳಿತು. ಎಚ್ಚರಿಕೆಯ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹೋಯಿತು, ಅದು ಸರಿಹೋದ ಸುದ್ದಿ ಯಾರೂ ಫಾರ್ವರ್ಡ್ ಮಾಡಲಿಲ್ಲ. ಹಾಗೇ ಅಲ್ವಾ ಆಗುವುದು.

ನನಗೆ ಕೊಡುವುದು ಝಿಡೊವುಡಿನ್ ಇರುವ ಮಾತ್ರೆ. ಅದರ ಬಗ್ಗೆ?

ಇದು ಸರಿಯಾದ ಪ್ರಶ್ನೆ. ಸುಮ್ನೆ "ಏನೂ ಆಗಲ್ಲ" ಅಂತ ಹೇಳಿ ಕಳಿಸುವುದು ನನಗೆ ಇಷ್ಟ ಇಲ್ಲ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಝಿಡೊವುಡಿನ್ ಹಳೆಯ ಮದ್ದು. ತಾಯಿಯಿಂದ ಮಗುವಿಗೆ ಸೋಂಕು ಹೋಗುವುದನ್ನು ಮದ್ದಿನಿಂದ ತಡೆಯಬಹುದು ಅಂತ ಜಗತ್ತಿಗೆ ಮೊದಲು ಗೊತ್ತಾಗಿದ್ದೇ ಇದರಿಂದ. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 100ಕ್ಕೆ 25 ಇದ್ದದ್ದು ಸುಮಾರು 8ಕ್ಕೆ ಇಳಿದಿತ್ತು. ಆದರೆ ನಮ್ಮ ಜೀವಕೋಶಕ್ಕೆ ಶಕ್ತಿ ಮಾಡಿಕೊಡುವ ಮೈಟೊಕಾಂಡ್ರಿಯ ಅಂತ ಉಂಟಲ್ಲ, ಅದಕ್ಕೆ ಈ ಮದ್ದು ಸ್ವಲ್ಪ ತೊಂದರೆ ಕೊಡುತ್ತದೆ. ಒಂದು ಗಳಿಗೆಯೂ ನಿಲ್ಲದೆ ದುಡಿಯುವ ಹೃದಯದ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಜಾಸ್ತಿ. ಹಾಗಾಗಿ ಅನುಮಾನ ಮೊದಲಿನಿಂದಲೂ ಇತ್ತು.

ಫ್ರಾನ್ಸಿನಲ್ಲಿ ಎಚ್‌ಐವಿ ಇರುವ ತಾಯಂದಿರ 12,000ಕ್ಕೂ ಜಾಸ್ತಿ ಮಕ್ಕಳ ಲೆಕ್ಕ ನೋಡಿ 2015ರಲ್ಲಿ ಒಂದು ವರದಿ ಬಂತು. ಮೊದಲ ಮೂರು ತಿಂಗಳಲ್ಲಿ ಝಿಡೊವುಡಿನ್ ತಿಂದವರ ಮಕ್ಕಳಲ್ಲಿ ಹೃದಯದ ದೋಷ 100ಕ್ಕೆ ಸುಮಾರು ಒಂದೂವರೆ, ತಿನ್ನದವರಲ್ಲಿ 100ಕ್ಕೆ ಮುಕ್ಕಾಲಿನಷ್ಟು. "ಎರಡು ಪಟ್ಟು" ಅಂದರೆ ಎದೆ ಝಲ್ಲೆನ್ನುತ್ತದೆ. ಅದನ್ನೇ "98ಕ್ಕಿಂತ ಜಾಸ್ತಿ ಮಕ್ಕಳಿಗೆ ಏನೂ ಇಲ್ಲ" ಅಂತಲೂ ಓದಬಹುದು, ಎರಡೂ ನಿಜ. ಕಂಡ ದೋಷಗಳಲ್ಲಿ ಹೆಚ್ಚಿನವು ಹೃದಯದ ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಇನ್ನೊಂದು ಕಡೆ, ಗರ್ಭಿಣಿಯರು ತಿಂದ ಎಚ್‌ಐವಿ ಮದ್ದಿನ ಲೆಕ್ಕವನ್ನು 1989ರಿಂದ ಇಡುತ್ತಿರುವ ಆಂಟಿರೆಟ್ರೊವೈರಲ್ ಪ್ರೆಗ್ನೆನ್ಸಿ ರಿಜಿಸ್ಟ್ರಿಯಲ್ಲಿ ಝಿಡೊವುಡಿನ್‌ನಿಂದ ಹುಟ್ಟು ದೋಷ ಒಟ್ಟಾರೆ ಜಾಸ್ತಿಯಾದದ್ದು ಕಂಡಿಲ್ಲ.

ನೀವು ಮಾಡಬೇಕಾದದ್ದು ಇಷ್ಟು: ಇದನ್ನು ಓದಿ ಮಾತ್ರೆ ಬಿಡಬೇಡಿ. ಮಗು ಬೇಕು ಅಂತ ಯೋಚಿಸುವಾಗಲೇ, ಅಥವಾ ಗರ್ಭಿಣಿ ಅಂತ ಗೊತ್ತಾದ ವಾರವೇ, ಎಆರ್‌ಟಿ ಕೇಂದ್ರಕ್ಕೆ ಹೋಗಿ "ನನ್ನ ಮದ್ದಿನಲ್ಲಿ ಝಿಡೊವುಡಿನ್ ಉಂಟು, ಇದೇ ಮುಂದುವರಿಸಬೇಕಾ" ಅಂತ ಬಾಯಿಬಿಟ್ಟು ಕೇಳಿ. ಬದಲಿಸಬಹುದಾದರೆ ಅವರು ಬದಲಿಸುತ್ತಾರೆ. ಕೆಲವರಿಗೆ ಕಿಡ್ನಿ ತೊಂದರೆಯಿಂದಲೋ, ಬೇರೆ ಮದ್ದು ಹಿಡಿಸದೆಯೋ ಅದೇ ಬೇಕಾಗುತ್ತದೆ. ಆಗ ಫೀಟಲ್ ಎಕೋ, ಅಂದರೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸುವುದು ಒಳ್ಳೆಯದು. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡುತ್ತಾ ಇರಬೇಕು, ಈ ಮದ್ದು ರಕ್ತ ಕಡಿಮೆ ಮಾಡುತ್ತದೆ.

ಮಗುವಿನ ಹೃದಯದ ಗೋಡೆ ದಪ್ಪ ಆಗ್ತದೆ ಅಂತಾರಲ್ಲ, ಅದೇನು?

ಇದು ತೂತಿನ ವಿಷಯ ಅಲ್ಲ, ಬೇರೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಎಆರ್‌ಟಿ ತಿನ್ನುತ್ತಿದ್ದ ಗರ್ಭಿಣಿಯರ ಮಕ್ಕಳನ್ನು ಹೊಟ್ಟೆಯಲ್ಲಿರುವಾಗಲೇ ಎಕೋ ಮಾಡಿ ನೋಡಿದರು, 2016ರಲ್ಲಿ ಪ್ರಕಟಿಸಿದರು. ಹೃದಯದ ಸ್ನಾಯು ಸ್ವಲ್ಪ ದಪ್ಪ, ಹಿಗ್ಗುವ ಕುಗ್ಗುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು. ಅಲ್ಲೂ ಬೊಟ್ಟು ತೋರಿಸಿದ್ದು ಮುಖ್ಯವಾಗಿ ಝಿಡೊವುಡಿನ್ ಕಡೆಗೆ. ಇದು ಸೂಕ್ಷ್ಮ ಅಳತೆಯಲ್ಲಿ ಕಾಣುವಂಥದ್ದು, ಮಾಮೂಲಿ ಸ್ಕ್ಯಾನಿನಲ್ಲಿ ಸಿಗುವುದಿಲ್ಲ, ಮಗುವಿಗೆ ಅದರಿಂದ ಉಬ್ಬಸವೋ ಸುಸ್ತೋ ಬರುತ್ತದೆ ಅಂತ ಅರ್ಥವೂ ಅಲ್ಲ. ಇಂಥ ಮಕ್ಕಳನ್ನು ದೊಡ್ಡವರಾಗುವ ತನಕ ನೋಡುತ್ತಿರುವ ಅಧ್ಯಯನಗಳು ಅಮೆರಿಕದಲ್ಲಿ ನಡೆಯುತ್ತಿವೆ. ಅಲ್ಲಿ ಹೆಚ್ಚಿನ ಮಕ್ಕಳ ಹೃದಯದ ಕೆಲಸ ಮಾಮೂಲಾಗಿಯೇ ಇದೆ.

ಯಾವ ಸ್ಕ್ಯಾನ್, ಯಾವಾಗ?

ಎಲ್ಲರಿಗೂ ಬೇಕಾದದ್ದು ಐದು ತಿಂಗಳ ಸ್ಕ್ಯಾನ್, ಅಂದರೆ 18ರಿಂದ 20 ವಾರದೊಳಗಿನ ಅನಾಮಲಿ ಸ್ಕ್ಯಾನ್. ಅದರಲ್ಲೇ ಹೃದಯದ ನಾಲ್ಕು ಕೋಣೆ, ಹೊರಗೆ ಹೋಗುವ ದೊಡ್ಡ ರಕ್ತನಾಳಗಳನ್ನು ನೋಡುತ್ತಾರೆ. ಫೀಟಲ್ ಎಕೋ ಅಂದರೆ ಹೃದಯವನ್ನು ಮಾತ್ರ ಹಿಡಿದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ನೋಡುವುದು, 18ರಿಂದ 24 ವಾರದ ನಡುವೆ. ಟಿಎಲ್‌ಡಿ ತಿನ್ನುತ್ತೇನೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಎಕೋ ಬೇಕು ಅಂತ ನಿಯಮ ಇಲ್ಲ. ಆದರೆ ಮೊದಲ ಮಗುವಿಗೋ ನಿಮಗೋ ಗಂಡನಿಗೋ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ, ಗರ್ಭ ನಿಲ್ಲುವ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಿನ್ನುತ್ತಿದ್ದರೆ ಕೇಳಿ ಮಾಡಿಸಿಕೊಳ್ಳಿ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ಅದನ್ನೂ ಹೇಳಿ, ಹೆಚ್ಚಿನವರು ಹೇಳುವುದೇ ಇಲ್ಲ.

ಎಕೋ ಅಂದರೆ ಹೆದರಬೇಡಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್, ಅದರ ಮೇಲೆ ಆ ಸಾಧನ ಓಡಿಸುತ್ತಾರೆ, ಅಷ್ಟೇ. ಮಗು ಬೆನ್ನು ತಿರುಗಿಸಿ ಮಲಗಿದ್ದರೆ "ಹೋಗಿ ಒಂದು ಸುತ್ತು ನಡೆದು, ಏನಾದರೂ ಕುಡಿದು ಬನ್ನಿ" ಅಂತ ಕಳಿಸುತ್ತಾರೆ. ನನ್ನ ಜೊತೆ ಬಂದಿದ್ದ ಒಬ್ಬಳು ಹೀಗೆ ಮೂರು ಸಲ ಹೊರಗೆ ಬಂದು, ಎರಡು ಬೊಂಡ (ಎಳನೀರು) ಕುಡಿದು, ಕಡೆಗೆ "ಇವನಿಗೆ ಈಗಲೇ ಇಷ್ಟು ಸೊಕ್ಕು" ಅಂತ ನಕ್ಕಳು. ಇವನೋ ಇವಳೋ ಅಂತ ಯಾರೂ ಹೇಳುವುದಿಲ್ಲ, ಕೇಳಲೂ ಬೇಡಿ, ಕಾನೂನು ಬಿಡುವುದಿಲ್ಲ.

ಬಡಿತ 150 ಅಂತ ಬರೆದಿದ್ದಾರೆ, ಜಾಸ್ತಿ ಅಲ್ವಾ?

ಅಲ್ಲ. 110ರಿಂದ 160ರ ತನಕ ಸರಿ. 140 ದಾಟಿದರೆ ಹೆಣ್ಣು ಅನ್ನುವುದು ನೆರೆಮನೆಯವರ ಲೆಕ್ಕ.

ರಿಪೋರ್ಟಿನಲ್ಲಿ "ಎಕೋಜೆನಿಕ್ ಫೋಕಸ್" ಅಂತ ಉಂಟು. ಮಾತ್ರೆಯಿಂದಲಾ?

ಅಲ್ಲ. ಹೃದಯದೊಳಗೆ ಒಂದು ಕಡೆ ಬಿಳಿ ಚುಕ್ಕಿ ಹೊಳೆದಿದೆ ಅಂತ ಅದರ ಅರ್ಥ. ಚೆನ್ನಾಗಿಯೇ ಇರುವ ಎಷ್ಟೋ ಮಕ್ಕಳಲ್ಲಿ ಕಾಣುತ್ತದೆ, ಅದು ಹೃದಯದ ಕಾಯಿಲೆ ಅಲ್ಲ, ಮಗುವಿಗೆ ಏನೂ ಮಾಡುವುದಿಲ್ಲ. ಬೇರೆ ಏನಾದರೂ ಜೊತೆಗೆ ಬರೆದಿದ್ದರೆ ಮಾತ್ರ ಡಾಕ್ಟರ್ ಮುಂದೆ ನೋಡುತ್ತಾರೆ. ರಿಪೋರ್ಟನ್ನು ಬಸ್ಸಿನಲ್ಲೇ ತೆಗೆದು, ಒಂದೊಂದು ಶಬ್ದ ಮೊಬೈಲಿನಲ್ಲಿ ಹುಡುಕಿ, ಮನೆ ಮುಟ್ಟುವಾಗ ಅತ್ತು ಕಣ್ಣು ಊದಿಸಿಕೊಂಡವರನ್ನು ನಾನು ನೋಡಿದ್ದೇನೆ.

ಹೃದಯದಲ್ಲಿ ತೂತು ಉಂಟು ಅಂತ ಹೇಳಿಯೇಬಿಟ್ಟರೆ?

ಮೊದಲು ಯಾವ ತೂತು ಅಂತ ಕೇಳಿ. ಹುಟ್ಟುವ ಮೊದಲು ಎಲ್ಲ ಮಕ್ಕಳ ಹೃದಯದಲ್ಲೂ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರಲೇಬೇಕು. ಹೊಟ್ಟೆಯೊಳಗೆ ಮಗು ಉಸಿರಾಡುವುದಿಲ್ಲ, ರಕ್ತ ಶ್ವಾಸಕೋಶವನ್ನು ಬಿಟ್ಟು ಈ ದಾರಿಯಲ್ಲಿ ದಾಟುತ್ತದೆ. ಹುಟ್ಟಿ, ಅತ್ತು, ಉಸಿರೆಳೆದ ಮೇಲೆ ಒತ್ತಡ ಬದಲಾಗಿ ಅಲ್ಲಿರುವ ಪದರ ಮುಚ್ಚಿಕೊಳ್ಳುತ್ತದೆ, ನಮ್ಮ ತೋಡಿನ ಕಿಂಡಿ ಅಣೆಕಟ್ಟಿಗೆ ಮಳೆ ಮುಗಿದ ಮೇಲೆ ಹಲಗೆ ಇಳಿಸುವ ಹಾಗೆ. ಅದು ದೋಷ ಅಲ್ಲ.

ಕೆಳಗಿನ ಕೋಣೆಗಳ ನಡುವೆ ತೂತಿದ್ದರೆ ಅದು ಬೇರೆ. ಅದರಲ್ಲೂ ಸ್ನಾಯುವಿನ ಭಾಗದಲ್ಲಿರುವ ಚಿಕ್ಕ ತೂತುಗಳಲ್ಲಿ ತುಂಬಾ ತಾನಾಗಿಯೇ ಮುಚ್ಚುತ್ತವೆ. ದೊಡ್ಡದಾದರೆ ಮಕ್ಕಳ ಹೃದಯದ ಡಾಕ್ಟರ್ ಇರುವಲ್ಲಿ ಹೆರಿಗೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಬೈಂದೂರಿನವರೋ ಸುಳ್ಯದವರೋ ಆದರೆ ನೋವು ಶುರುವಾದ ಮೇಲೆ ಮಣಿಪಾಲಕ್ಕೋ ಮಂಗಳೂರಿಗೋ ಓಡುವುದು ಬೇಡ, ಮಳೆಗಾಲದಲ್ಲಂತೂ ಬೇಡ. ಹುಟ್ಟಿನಿಂದ 18 ವರ್ಷದವರೆಗೆ ಮಕ್ಕಳ ಹೃದಯದ ತೊಂದರೆ ಹುಡುಕಿ ಚಿಕಿತ್ಸೆಗೆ ಕಳಿಸಲಿಕ್ಕೆ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ ಉಂಟು, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೊತೆಗೆ ತಿನ್ನಬಹುದಾ?

ನನ್ನ ಪ್ರಕಾರ ಹೃದಯದ ಪ್ರಶ್ನೆಗಿಂತ ಇದು ದೊಡ್ಡದು, ಆದರೆ ಇದನ್ನು ಕೇಳುವವರೇ ಕಡಿಮೆ. ಖಾಲಿ ಹೊಟ್ಟೆಗೆ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಜೊತೆ ಡೊಲುಟೆಗ್ರಾವಿರ್ ತಿಂದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮದ್ದು ರಕ್ತಕ್ಕೆ ಸೇರುವುದೇ ಕಡಿಮೆ ಆಗುತ್ತದೆ. ಮಾತ್ರೆ ದಿನಾ ತಿಂದೂ ವೈರಲ್ ಲೋಡ್ ಏರಿದರೆ ಇದನ್ನೂ ಒಮ್ಮೆ ನೋಡಬೇಕು.

ನಿಯಮ ಹೀಗೆ: ಡೊಲುಟೆಗ್ರಾವಿರ್ ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮೊದಲು, ಇಲ್ಲವಾದರೆ 6 ಗಂಟೆ ಆದ ಮೇಲೆ ತಿನ್ನಬೇಕು. ಅದಾಗದಿದ್ದರೆ ಹೊಟ್ಟೆ ತುಂಬಾ ಊಟದ ಜೊತೆ ಒಟ್ಟಿಗೆ ತಿನ್ನಬಹುದು. ನಾನು ಚೀಟಿಯಲ್ಲಿ ಬರೆದುಕೊಡುತ್ತಿದ್ದದ್ದು: ಬೆಳಿಗ್ಗೆ 8ಕ್ಕೆ ತಿಂಡಿ ಆದ ಮೇಲೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ 1ಕ್ಕೆ ಊಟದ ಮೇಲೆ ಇನ್ನೊಂದು, ಸಂಜೆ 4ಕ್ಕೆ ಕಬ್ಬಿಣದ್ದು, ರಾತ್ರಿ 10ಕ್ಕೆ ಟಿಎಲ್‌ಡಿ. ನಿಮ್ಮ ಫಾರ್ಮಸಿಸ್ಟ್ ಬೇರೆ ಹೊತ್ತು ಹೇಳಿದರೆ ಅದನ್ನೇ ಪಾಲಿಸಿ. 4 ಗಂಟೆಗೆ ಚಹಾ ಬೇಡ, ಚಹಾ ಕುಡಿದರೆ ಕಬ್ಬಿಣ ಹತ್ತುವುದಿಲ್ಲ. ಲಿಂಬೆ ಶರಬತ್ತು ಕುಡಿಯಿರಿ.

ಎದೆಯುರಿಗೆ ಜೆಲುಸಿಲ್, ಡೈಜೀನ್ ಥರದ್ದು ಕುಡಿಯುವವರು ಜಾಸ್ತಿ ಜಾಗ್ರತೆ. ಇದಕ್ಕೆ ಊಟದ ರಿಯಾಯಿತಿ ಇಲ್ಲ, 2 ಗಂಟೆ ಮೊದಲು ಇಲ್ಲವೇ 6 ಗಂಟೆ ಆದ ಮೇಲೆ, ಅಷ್ಟೇ. ಫೋಲಿಕ್ ಆಸಿಡ್ ಒಂದನ್ನೇ ತಿನ್ನುವುದಾದರೆ ಈ ತಾಪತ್ರಯ ಇಲ್ಲ.

ಮಾತ್ರೆ ಬಿಟ್ಟು ಬೇರೆ ಏನು ಮಗುವಿನ ಹೃದಯಕ್ಕೆ ಕೆಟ್ಟದು?

ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಇದು ಮೊದಲನೆಯದು. ಶುರುವಿನ ವಾರಗಳಲ್ಲಿ ರಚನೆಯನ್ನೇ ಕೆಡಿಸಬಹುದು, ಕೊನೆಯ ತಿಂಗಳಲ್ಲಿ ಗೋಡೆಯನ್ನು ದಪ್ಪ ಮಾಡುತ್ತದೆ. ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುವವರು ಟಿಎಲ್‌ಡಿ ತಿನ್ನುವುದನ್ನು ಆ ಡಾಕ್ಟರಿಗೆ ಹೇಳಲೇಬೇಕು, ಎರಡೂ ಸೇರಿದರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಆಮೇಲೆ ನೋವಿನ ಮಾತ್ರೆ. ಸೊಂಟನೋವಿಗೆ ಅಂತ ಮೆಡಿಕಲ್‌ನಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊನೆಯ ಮೂರು ತಿಂಗಳಲ್ಲಿ ತಿಂದರೆ ಮಗುವಿನ ಹೃದಯದ ಹತ್ತಿರ ತೆರೆದೇ ಇರಬೇಕಾದ ಒಂದು ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚಿಕೊಳ್ಳಬಹುದು. ಎಚ್‌ಐವಿ ಮಾತ್ರೆಗೆ ಹತ್ತು ಪ್ರಶ್ನೆ ಕೇಳುವವರು ಇದನ್ನು ಕೇಳದೆ ನುಂಗುತ್ತಾರೆ! ಬೀಡಿ, ಸಿಗರೇಟು, ಮದ್ಯ ಸಂಗತಿ ಗೊತ್ತೇ ಇದೆ. ಯಾರೋ ಕೊಟ್ಟ ನಾಟಿ ಮದ್ದು, ಅದರೊಳಗೆ ಏನುಂಟು ಅಂತ ಗೊತ್ತಿಲ್ಲದಿದ್ದರೆ, ಬೇಡ.

ಸ್ಕ್ಯಾನಿಂಗ್‌ನವರಿಗೆ ಎಚ್‌ಐವಿ ಇದೆ ಅಂತ ಹೇಳಬೇಕಾ?

ರಿಸೆಪ್ಶನ್‌ನಲ್ಲಿ ಹೇಳಬೇಕಾಗಿಲ್ಲ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿನಲ್ಲಿ ಯಾರಿಗೂ ಏನೂ ತಗುಲುವುದಿಲ್ಲ. ಆದರೆ ಹೆರಿಗೆ ಡಾಕ್ಟರಿಗೆ, ಎಕೋ ಮಾಡುವ ಡಾಕ್ಟರಿಗೆ ಯಾವ ಮಾತ್ರೆ ತಿನ್ನುತ್ತೀರಿ ಅಂತ ಗೊತ್ತಿದ್ದರೆ ಅವರು ನೋಡಬೇಕಾದದ್ದನ್ನು ಸರಿಯಾಗಿ ನೋಡುತ್ತಾರೆ. ಅವರಿಗೆ ಮಾತ್ರ ಹೇಳಿ, ಬಾಗಿಲು ಮುಚ್ಚಿದ ಮೇಲೆ.

ಒಂದು ಕಡೆ, ಎಲ್ಲಿ ಅಂತ ಹೇಳುವುದಿಲ್ಲ, ನಾನು ಕರೆದುಕೊಂಡು ಹೋದ ಹುಡುಗಿಯ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಎಚ್‌ಐವಿ ಅಂತ ದೊಡ್ಡದಾಗಿ ಬರೆದು, ಅದನ್ನು ಮೇಲ್ಮುಖ ಮಾಡಿ ಟೇಬಲ್ಲಿನ ಮೇಲಿಟ್ಟು, ಬೆಳಿಗ್ಗೆ 9ಕ್ಕೆ ಬಂದವಳನ್ನು "ಕೊನೆಗೆ ನೋಡುವ" ಅಂತ ಸಂಜೆ ತನಕ ಕೂರಿಸಿದ್ದರು. ಆಗ ಕೈಯಲ್ಲಿ ಕಾನೂನು ಇರಲಿಲ್ಲ, ಜಗಳ ಮಾತ್ರ ಮಾಡಿದೆ. ಈಗ ಉಂಟು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ ನಿರಾಕರಿಸುವುದು, ಬೇರೆ ಮಾಡಿ ನೋಡುವುದು, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವುದು ತಪ್ಪು. ಏನು ಮಾಡಬೇಕು ಅಂತ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ.

ಮಗು ಹುಟ್ಟಿದ ಮೇಲೆ?

32ರಿಂದ 36 ವಾರದ ನಡುವೆ ವೈರಲ್ ಲೋಡ್ ಪರೀಕ್ಷೆ ತಪ್ಪಿಸಬೇಡಿ, ಮಗುವಿಗೆ ಯಾವ ಸಿರಪ್, ಎಷ್ಟು ವಾರ ಅನ್ನುವುದು ಅದರ ಮೇಲೆ ನಿಂತಿದೆ. ಲೋಡ್ ಹಿಡಿತದಲ್ಲಿದ್ದರೆ ಸಾಮಾನ್ಯವಾಗಿ 6 ವಾರ ನೆವಿರಾಪಿನ್ ಸಿರಪ್. ಎಚ್‌ಐವಿ ಇದೆ ಅಂತಲೇ ಸಿಸೇರಿಯನ್ ಆಗಬೇಕು ಅಂತ ಇಲ್ಲ. ಎದೆಹಾಲು ಕೊಡುವುದಾದರೆ 6 ತಿಂಗಳು ಅದೊಂದೇ, ನಿಮ್ಮ ಮಾತ್ರೆ ಒಂದು ದಿನವೂ ಬಿಡದೆ. ಮಗುವಿನ ಪರೀಕ್ಷೆ 6 ವಾರಕ್ಕೆ, 6 ತಿಂಗಳಿಗೆ, 12 ತಿಂಗಳಿಗೆ, ಕೊನೆಯದ್ದು 18 ತಿಂಗಳಿಗೆ. ಹಾಲು ಕುಡಿಯುವಾಗ ಮಗು ಬೆವರುವುದು, ನಾಲ್ಕು ಗುಟುಕಿಗೆ ಸುಸ್ತಾಗುವುದು, ತುಟಿ ನೀಲಿಯಾಗುವುದು, ತೂಕ ಏರದೆ ಇರುವುದು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ.

ಸೀಮಂತ ಮುಗಿಸಿ ತವರಿಗೆ ಹೋಗ್ತೇನೆ. ಅಲ್ಲಿ ಯಾರಿಗೂ ಗೊತ್ತಿಲ್ಲ. ಮಾತ್ರೆ ಹೇಗೆ?

ಹೋಗುವ ಮೊದಲೇ ನಿಮ್ಮ ಕೇಂದ್ರದಲ್ಲಿ ಹೇಳಿ. ತವರಿನ ಹತ್ತಿರದ ಕೇಂದ್ರಕ್ಕೆ ಬರೆದುಕೊಡುತ್ತಾರೆ, ಇಲ್ಲವೇ ಜಾಸ್ತಿ ದಿನಕ್ಕೆ ಆಗುವಷ್ಟು ಮಾತ್ರೆ ಕೊಡುತ್ತಾರೆ. ಗಲಾಟೆಯಲ್ಲಿ ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತಿನ್ನಿ. ಮುಂದಿನದಕ್ಕೆ ಹೆಚ್ಚು ಹೊತ್ತು ಇಲ್ಲದಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಮನೆಯಲ್ಲಿ ಕೇಳಿದರೆ "ಡಾಕ್ಟರ್ ಕೊಟ್ಟ ಮಾತ್ರೆ" ಅನ್ನಿ, ಸುಳ್ಳೇನಲ್ಲ. ಗರ್ಭಿಣಿಯರ ಚೀಲದಲ್ಲಿ ಹೇಗೂ ನಾಲ್ಕು ಥರ ಮಾತ್ರೆ ಇರುತ್ತವೆ.

ಡಬ್ಬಿಯ ಶಬ್ದ ಕೇಳಬಾರದು ಅಂತ ಮಾತ್ರೆಗಳನ್ನೆಲ್ಲ ತೆಗೆದು ಕಾಗದದಲ್ಲಿ ಕಟ್ಟಿಡುವವರು ಉಂಟು. ನಮ್ಮ ಮಳೆಗಾಲದ ಆಟಿ ತಿಂಗಳ ತಂಡಿಗೆ (ತೇವಕ್ಕೆ) ಉಪ್ಪೇ ನೀರಾಗುತ್ತದೆ, ಮಾತ್ರೆ ಉಳಿಯುತ್ತದಾ? ಡಬ್ಬಿಯೊಳಗಿನ ಆ ಪುಟ್ಟ ಪೊಟ್ಟಣ ತಂಡಿ ಹೀರಲಿಕ್ಕೇ ಇಟ್ಟದ್ದು, ಅದನ್ನು ಬಿಸಾಡಬೇಡಿ. ಮಾತ್ರೆ ಡಬ್ಬಿಯಲ್ಲೇ ಇರಲಿ, ಮುಚ್ಚಳ ಗಟ್ಟಿ ಹಾಕಿ. ಶಬ್ದ ಕೇಳಬಾರದು ಅಂದರೆ ಡಬ್ಬಿಯನ್ನೇ ಬಟ್ಟೆಯಲ್ಲಿ ಸುತ್ತಿಡಿ, ಒಳಗೆ ಹತ್ತಿ ತುಂಬಬೇಡಿ, ಹತ್ತಿಯೂ ತಂಡಿ ಹಿಡಿಯುತ್ತದೆ.